ಬಾವಲಿಗಳ ರಕ್ತಗತ ಪರೋಪಜೀವಿಗಳು: ಒಂದು ಪ್ರಬಂಧದ ವಿಮರ್ಶೆ

ಬಾವಲಿಯು ಹಾರುವುದಾದರೂ ಪಕ್ಷಿಯಲ್ಲ. ಅಮರಸಿಂಹನು ಅದನ್ನು ಪಕ್ಷಿಗಳ ನಡುವೆಯೇ ಎಣಿಸಿರುವನು. ಆದರೆ ಅವನು ಕೊಟ್ಟ ‘ಅಜಿನಪತ್ರಾ’ ಎಂಬ ಹೆಸರು, ತೊಗಲೇ ರೆಕ್ಕೆಯಾಗಿ ಉಳ್ಳದ್ದೆಂಬ ಅರ್ಥದಿಂದ, ಆ ಎಣಿಕೆಯನ್ನು ತಾನೇ ಶಂಕೆಗೆ ಒಳಪಡಿಸುತ್ತದೆ. ಹೊರರೂಪದಿಂದ ವರ್ಗವನ್ನು ನಿರ್ಣಯಿಸುವುದರ ಈ ತೊಡಕು ಬಾವಲಿಯ ರಕ್ತದಲ್ಲಿರುವ ಸೂಕ್ಷ್ಮಜೀವಿಗಳ ವಿಷಯದಲ್ಲಿಯೂ ಒದಗಿದೆ.

೧೯ನೆಯ ಶತಮಾನದ ಅಂತ್ಯದಲ್ಲಿ ಇಟಲಿಯ ದಿಯೊನೀಸಿಯು ಇಂತಹ ಕುಲವೊಂದಕ್ಕೆ ‘ಪಾಲಿಕ್ರೋಮೋಫಿಲಸ್’, ಎಂದರೆ ‘ಬಹುವರ್ಣಪ್ರಿಯ’ ಎಂದು ಹೆಸರಿಟ್ಟನು. ಬಣ್ಣ ಹಾಕಿದ ರಕ್ತಲೇಪದಲ್ಲಿ ಸೂಕ್ಷ್ಮದರ್ಶಕಕ್ಕೆ ಕಂಡ ರೂಪವೇ ಆಗಿನವರಿಗೆ ಪ್ರಮಾಣ. ೨೦೧೩ರಲ್ಲಿ ಯೂಲಿಯಾನೆ ಶೇರ್ ಮೊದಲಾದ ವಿದ್ವಾಂಸರು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವು ರೂಪದೊಡನೆ ಡಿ.ಎನ್.ಎ.ಯ ಸಾಕ್ಷ್ಯವನ್ನೂ ತಂದಿತು. ಪಶ್ಚಿಮ ಆಫ್ರಿಕದ ಅರಣ್ಯಗಳಲ್ಲಿ ೩೧ ಜಾತಿಗಳ ೨೭೪ ಬಾವಲಿಗಳನ್ನು ಪರೀಕ್ಷಿಸಲಾಗಿ, ನೂರಕ್ಕೆ ಸುಮಾರು ೪೦ರಲ್ಲಿ ಮಲೇರಿಯಾಜಂತುವಿನ ಬಳಗದವು ದೊರೆತವು. ಪ್ಲಾಸ್ಮೋಡಿಯಂ, ಪಾಲಿಕ್ರೋಮೋಫಿಲಸ್, ನಿಕ್ಟೀರಿಯ, ಹೆಪಾಟೋಸಿಸ್ಟಿಸ್ ಎಂದು ನಾಲ್ಕು ಕುಲಗಳು. ಇವು ಮನುಷ್ಯನ ಮಲೇರಿಯಾಕ್ಕೆ ಕಾರಣವಾದ ಜಾತಿಗಳಲ್ಲ. ‘ಬಾವಲಿಯ ಮಲೇರಿಯಾ’ ಎಂದೊಡನೆ ಕೋಲು ಹುಡುಕುವವರಿಗಾಗಿ ಇದನ್ನು ಮೊದಲೇ ಹೇಳಿಬಿಡುವುದು ಲೇಸು.

ಪ್ರಬಂಧದ ಬಲವೆಲ್ಲ ವಂಶನಿರ್ಣಯದಲ್ಲಿದೆ. ಬಾವಲಿಗಳಲ್ಲಿ ಸಿಕ್ಕಿದ ಪ್ಲಾಸ್ಮೋಡಿಯಂ ಜಾತಿಗಳೆರಡೂ ಇಲಿ ಮೊದಲಾದ ದಂಶಕಪ್ರಾಣಿಗಳ ಪ್ಲಾಸ್ಮೋಡಿಯಂಗಳ ಶಾಖೆಯೊಳಗೇ ಬಿದ್ದುವು. ಪರೋಪಜೀವಿಯು ಒಂದು ಗಣದ ಪ್ರಾಣಿಯಿಂದ ಮತ್ತೊಂದು ಗಣಕ್ಕೆ ದಾಟಿತೆಂಬುದು ಇದರಿಂದ ತಿಳಿಯುತ್ತದೆ. ಆದರೆ ಇಲಿಯಿಂದ ಬಾವಲಿಗೋ ಬಾವಲಿಯಿಂದ ಇಲಿಗೋ ಎಂಬುದು ಬಂಧುತ್ವಮಾತ್ರದಿಂದ ಸಿದ್ಧಿಸುವುದಿಲ್ಲ.

ಆಕ್ಷೇಪಕ್ಕೆ ಎಡೆಯಿರುವುದು ಇನ್ನೊಂದು ಮಾತಿನಲ್ಲಿ. ಬಾವಲಿಯ ದೇಹಕ್ಕೆ ಅಸಾಧಾರಣವಾದ ರೋಗಸಹಿಷ್ಣುತೆಯಿದೆಯೆಂಬ ಊಹೆಯನ್ನು ಈ ಸೋಂಕಿನ ಬಾಹುಳ್ಯವು ಪೋಷಿಸುವುದೆಂದು ಪ್ರಬಂಧಕಾರರು ಹೇಳುತ್ತಾರೆ. ‘ಸಾಧಿಸುವುದು’ ಎನ್ನದಿರುವುದು ಅವರ ಎಚ್ಚರವೇ ಸರಿ. ಆದರೂ ಹೇತುವು ದುರ್ಬಲವಾಗಿದೆ. ಬಾಹುಳ್ಯವು ವಿಶೇಷವಾಗಿ ಕಂಡುದು ಹಣ್ಣು ತಿನ್ನುವ ಕೆಲವು ಬಾವಲಿಗಳಲ್ಲಿ, ಅದೂ ಹೆಪಾಟೋಸಿಸ್ಟಿಸ್ ಕುಲದ್ದು. ಈ ಕುಲವು ಯಕೃತ್ತಿನಲ್ಲಿ ವೃದ್ಧಿಹೊಂದಿ, ರಕ್ತಕ್ಕೆ ಕೇವಲ ಲಿಂಗಕೋಶಗಳನ್ನು ಕಳುಹಿಸುತ್ತದೆ. ಮಲೇರಿಯಾಜಂತುವಿನಂತೆ ರಕ್ತಕಣಗಳನ್ನು ಸರದಿಯಾಗಿ ಒಡೆಯುವುದಿಲ್ಲ. ಹಾಗಾದರೆ ಬಾವಲಿಯು ನರಳದಿರುವುದಕ್ಕೆ ಪರೋಪಜೀವಿಯ ಸೌಮ್ಯಸ್ವಭಾವವೇ ಏಕೆ ಕಾರಣವಾಗಬಾರದು? ತಾರ್ಕಿಕರು ಇದನ್ನು ಅನ್ಯಥಾಸಿದ್ಧಿಯೆನ್ನುವರು. ಮೇಲಾಗಿ ಇದೇ ಕುಲವು ಆಫ್ರಿಕದ ಕೋತಿಗಳಲ್ಲಿಯೂ ಹೇರಳವಾಗಿದ್ದು, ಸಾಮಾನ್ಯವಾಗಿ ಅವುಗಳನ್ನು ಬಾಧಿಸದು. ಕೋತಿಗೂ ಬಾವಲಿಗೂ ಸಮಾನವಾದ ಲಕ್ಷಣವು ಬಾವಲಿಯ ಅಸಾಧಾರಣತೆಗೆ ಸಾಧಕವಾಗಲಾರದು. ಇದಲ್ಲದೆ ಬಲೆಗೆ ಬೀಳುವುದು ಹಾರಬಲ್ಲ ಬಾವಲಿ. ಸೋಂಕಿನಿಂದ ಕುಗ್ಗಿ ಮರದ ಪೊಟರೆಯಲ್ಲಿ ಸತ್ತದ್ದು ೨೭೪ರ ಲೆಕ್ಕಕ್ಕೆ ಬಾರದು.

ಈ ನಾಲ್ಕು ಕುಲಗಳಲ್ಲಿ ರಕ್ತದೊಳಗೂ ವಂಶವೃದ್ಧಿ ಮಾಡಿಕೊಳ್ಳುವುದು ಪ್ಲಾಸ್ಮೋಡಿಯಂ ಒಂದೇ. ಸಹಿಷ್ಣುತೆಯ ಪರೀಕ್ಷೆಯು ಅದನ್ನು ಹೊತ್ತ ಬಾವಲಿಗಳಲ್ಲಿ, ಅದೇ ಪ್ರಾಣಿಯನ್ನು ಋತುಋತುವಿಗೂ ಹಿಡಿದು ನೋಡುವುದರಿಂದ ನಡೆಯಬೇಕಾಗಿದೆ.