ಜಗಳೂರು ದಾಟಿ, ಮರಳಿನವರೆಗೆ

ದಾವಣಗೆರೆಯಿಂದ ಜಗಳೂರು ದಾರಿ ಹಿಡಿದರೆ ಭದ್ರಾ ನಾಲೆಯ ಹಸಿರು ಎಲ್ಲಿಗೆ ಮುಗಿಯಿತು ಎಂಬುದನ್ನು ಯಾರೂ ತೋರಿಸಿಕೊಡಬೇಕಿಲ್ಲ. ಗದ್ದೆ, ಅಡಿಕೆ ತೋಟ ಹಿಂದೆ ಉಳಿಯುತ್ತವೆ. ಮೆಕ್ಕೆಜೋಳ, ಶೇಂಗಾ, ಈರುಳ್ಳಿಯ ಹೊಲಗಳು ಬರುತ್ತವೆ. ಬಿಳಿಚೋಡು ದಾಟುವ ಹೊತ್ತಿಗೆ ಮರಗಳು ಗಿಡ್ಡಾಗಿ, ಗುಡ್ಡಗಳು ಬೋಳಾಗಿ, ಆಕಾಶ ಅಗಲವಾಗಿಬಿಟ್ಟಿರುತ್ತದೆ. ನಮ್ಮ ಊರಿನವರು ನಾಲ್ಕು ದಿನ ರಜೆ ಸಿಕ್ಕರೆ ಕಾರು ತಿರುಗಿಸುವುದು ಪಡುವಣಕ್ಕೆ: ಜೋಗ, ಆಗುಂಬೆ, ಸಿಗಂದೂರು. ಮಳೆ ನೋಡಲು ಮೂಡಣಕ್ಕೆ ಹೋಗುವವರು ಯಾರೂ ಇರಲಾರರು. ಆದರೆ ನೆಲ ನೋಡಬೇಕೆಂಬ ಆಸೆ ಇದ್ದವರು ಹೋಗಬೇಕಾದ್ದು ಮೂಡಣಕ್ಕೇ. ಗಂಡ ಹೆಂಡತಿ ಇಬ್ಬರೇ, ಊರಿಂದೂರಿಗೆ, ಕತ್ತಲಾದಲ್ಲಿ ತಂಗುತ್ತಾ ಹೋಗುವುದಕ್ಕೆ ಜಗಳೂರಿನಿಂದ ಬಳ್ಳಾರಿವರೆಗಿನ ಬೆಂಗಾಡಿನಷ್ಟು ತಕ್ಕ ಜಾಗ ನನಗೆ ಗೊತ್ತಿರುವಂತೆ ನಮ್ಮ ರಾಜ್ಯದಲ್ಲಿ ಇನ್ನೊಂದಿಲ್ಲ.

ಅಮೆರಿಕದಲ್ಲಿ ಹೀಗೆ ತಿರುಗುವ ಜೋಡಿಗಳು ಬಹಳ. ನೌಕರಿ ಮುಗಿದ ಮೇಲೆ ಮನೆ ಮಾರಿ, ವ್ಯಾನಿನಲ್ಲೇ ಹಾಸಿಗೆ ಒಲೆ ಇಟ್ಟುಕೊಂಡು, ಚಳಿಗಾಲವಿಡೀ ಅರಿಜೋನಾ, ನ್ಯೂ ಮೆಕ್ಸಿಕೊ, ಯೂಟಾ ರಾಜ್ಯಗಳ ಮರುಭೂಮಿಯಲ್ಲಿ ಕಳೆಯುವವರಿದ್ದಾರೆ. ಅಲ್ಲಿ ಸರ್ಕಾರಿ ಭೂಮಿಯಲ್ಲಿ ಬಹುಪಾಲು ಕಡೆ ಹದಿನಾಲ್ಕು ದಿನದವರೆಗೆ ಬಾಡಿಗೆಯಿಲ್ಲದೆ ಬೀಡು ಬಿಡಬಹುದು. ಅರಿಜೋನಾದ ಕ್ವಾರ್ಟ್ಸ್‌ಸೈಟ್ ಎಂಬ ಸಣ್ಣ ಊರು ಜನವರಿಯಲ್ಲಿ ಇಂಥವರ ವಾಹನಗಳಿಂದ ತುಂಬಿಹೋಗುತ್ತದೆ. 2021ರಲ್ಲಿ ಆಸ್ಕರ್ ಪಡೆದ 'ನೊಮ್ಯಾಡ್‌ಲ್ಯಾಂಡ್' ಸಿನಿಮಾ ನೋಡಿದವರಿಗೆ ಆ ಬದುಕಿನ ಒಂಟಿತನವೂ ಕಷ್ಟವೂ ಗೊತ್ತು.

ಮಳೆಯ ಲೆಕ್ಕದಲ್ಲಿ ನಮ್ಮದು ನಿಜವಾದ ಮರುಭೂಮಿ ಅಲ್ಲ. ಫೀನಿಕ್ಸ್ ನಗರಕ್ಕೆ ವರ್ಷಕ್ಕೆ ಸುಮಾರು 180 ಮಿಲಿಮೀಟರ್ ಬಿದ್ದರೆ ಚಳ್ಳಕೆರೆಗೆ 450ರ ಆಸುಪಾಸು ಬೀಳುತ್ತದೆ; ಅದೇ ಆಗುಂಬೆಗೆ 7,000 ದಾಟುತ್ತದೆ. ಆದರೂ ಎರಡೂ ನೆಲಗಳ ನಡುವೆ ಒಂದು ನಂಟಿದೆ, ದಾರಿಯ ಎರಡೂ ಬದಿಗೆ ಕಾಣುತ್ತದೆ. ಬದುವಿನ ಕತ್ತಾಳೆ ಮೆಕ್ಸಿಕೊದ ಕಡೆಯಿಂದ ಬಂದದ್ದು. ಪಾಪಾಸುಕಳ್ಳಿಯೂ ಅಮೆರಿಕದ್ದೇ. ಕೆರೆಯಂಗಳ, ಹಳ್ಳ, ಬೀಳು ಯಾವುದನ್ನೂ ಬಿಡದೆ ಹಬ್ಬಿರುವ ಬಳ್ಳಾರಿ ಜಾಲಿಯಂತೂ ಅರಿಜೋನಾದ ಮೆಸ್ಕೀಟ್ ಮರದ ದಾಯಾದಿ. ಅದರ ಬೀಜ 1877ರ ಹೊತ್ತಿಗೆ ಜಮೈಕಾದಿಂದ ಕಡಪಕ್ಕೆ ಬಂತು. ಇಂದು ಹಳ್ಳಿಯ ಒಲೆಗೆ ಸೌದೆ, ಇದ್ದಿಲಿನವರಿಗೆ ಕಸುಬು ಅದೇ. ಕುರಿಗಾಹಿಗಳ ಮೇವಿನ ನೆಲ ನುಂಗಿದ್ದೂ ಅದೇ. ಅದರ ಮುಳ್ಳು ಟೈರಿಗೂ ಹೋಗುತ್ತದೆ, ಚಪ್ಪಲಿಗೂ ಹೋಗುತ್ತದೆ. ಸ್ಟೆಪ್ನಿಯ ಗಾಳಿ ನೋಡಿಕೊಳ್ಳದೆ ಜಗಳೂರು ದಾಟಬೇಡಿ.

ನಮ್ಮ ಗಾಡಿ ಹಳೆಯ ಓಮ್ನಿ. ನಡುವಿನ ಸೀಟು ತೆಗೆಸಿ ಹಲಗೆ ಹಾಕಿಸಿದ್ದೇವೆ. ಅದರ ಮೇಲೊಂದು ಗಾದಿ, ಎರಡು ಕಂಬಳಿ. ಕೆಳಗೆ ನೀರಿನ ಕ್ಯಾನು, ಸಣ್ಣ ಸ್ಟವ್, ಬುತ್ತಿ. ಬುತ್ತಿಗೆ ನನ್ನ ಆಯ್ಕೆ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಹಸಿ ಈರುಳ್ಳಿ. ಮೊಸರು ದಾರಿಯ ಹಳ್ಳಿಯಲ್ಲಿ ಸಿಗುತ್ತದೆ. ಸಂಜೆಗೆ ದಾವಣಗೆರೆಯ ಮಂಡಕ್ಕಿ ಇದ್ದರಾಯಿತು, ಅದು ಬಿಸಿಲಿಗೂ ಕೆಡುವುದಿಲ್ಲ. ನಮ್ಮನೆಯವರು ಓಡಿಸುವಾಗ ನಾನು ಎಡಬಲ ನೋಡುತ್ತೇನೆ, ನಾನು ಓಡಿಸುವಾಗ ಅವರು ನೋಡುತ್ತಾರೆ. ಪಕ್ಕದಲ್ಲಿ ಕೂತವರು ನಿದ್ದೆ ಮಾಡಕೂಡದು, ಫೋನು ನೋಡಕೂಡದು. ನಮ್ಮಿಬ್ಬರ ನಡುವೆ ಇರುವ ಕಟ್ಟಳೆ ಅದೊಂದೇ. ಬಯಲಿನಲ್ಲಿ ಕಣ್ಣಿಗೆ ಬೀಳುವುದು ವಿರಳ. ಬಿದ್ದಾಗ 'ನಿಲ್ಸಿ' ಅನ್ನಲು ಒಬ್ಬರು ಬೇಕು. ಒಂಟಿಯಾಗಿ ಓಡಿಸುವವರು ದಾಟಿಕೊಂಡು ಹೋಗಿಬಿಡುತ್ತಾರೆ. ನಾಲ್ಕೈದು ಜನರ ಗುಂಪು ಮಾತಿನಲ್ಲಿ ಮುಳುಗಿರುತ್ತದೆ.

ತಂಗುವ ವಿಷಯ ಹೆಂಗಸರು ಕೇಳುತ್ತಾರೆ, ಕೇಳಬೇಕಾದ್ದೇ. ಕಂಡ ಬಯಲಿನಲ್ಲಿ ಗಾಡಿ ನಿಲ್ಲಿಸಿ ಮಲಗುವ ರೂಢಿ ನಮ್ಮಲ್ಲಿಲ್ಲ, ನಾನು ಅದನ್ನು ಹೇಳುವುದೂ ಇಲ್ಲ. ಲಾರಿಯವರು ಮಲಗುವ ದೊಡ್ಡ ಪೆಟ್ರೋಲ್ ಬಂಕು, ಪೂಜಾರಿಯನ್ನು ಕೇಳಿಕೊಂಡರೆ ದೇವಸ್ಥಾನದ ಅಂಗಳ, ತಾಲ್ಲೂಕು ಊರಿನ ಲಾಡ್ಜು, ಮೊದಲೇ ಅನುಮತಿ ಪಡೆದರೆ ಪ್ರವಾಸಿ ಮಂದಿರ. ಕತ್ತಲಾಗುವ ಮೊದಲೇ ಜಾಗ ಗೊತ್ತುಮಾಡಿಕೊಳ್ಳಿ. ಬೆಳಿಗ್ಗೆ ಶೌಚಕ್ಕೆ ಬಂಕೇ ಗತಿ. ಹೀಗಾಗಿ ಮಲಗುವ ಜಾಗಕ್ಕಿಂತ ಬೆಳಗಿನ ಬಂಕನ್ನು ನಾನು ಮೊದಲು ಗುರುತು ಹಾಕಿಕೊಳ್ಳುತ್ತೇನೆ.

ಜಗಳೂರಿನ ಹತ್ತಿರವೇ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮವಿದೆ. ನಾಲ್ಕು ಕೊಂಬಿನ ಈ ಪ್ರಾಣಿ ಭಾರತ, ನೇಪಾಳಗಳನ್ನು ಬಿಟ್ಟು ಪ್ರಪಂಚದ ಬೇರಾವ ಕಾಡಿನಲ್ಲೂ ಇಲ್ಲ. ದಾವಣಗೆರೆ ಜಿಲ್ಲೆಯವರೇ ಎಷ್ಟೋ ಜನ ಅದರ ಹೆಸರು ಕೇಳಿಲ್ಲ. ಪ್ರಾಣಿ ಕಾಣದಿದ್ದರೂ ಆ ಕುರುಚಲು ಕಾಡು ನೋಡಿ ಬನ್ನಿ. ಎಲೆ ಉದುರಿದ ಕಾಲದಲ್ಲಿ ಕಮರದ ಮರಗಳ ಬೂದುಬಣ್ಣದ ಅಂದ ಮಲೆನಾಡಿನ ಯಾವ ಹಸಿರಿಗೂ ಕಡಿಮೆಯಲ್ಲ.

ಒಮ್ಮೆ ಈ ದಾರಿಯಲ್ಲೇ ಒಂದು ಕುರಿಮಂದೆ ನಮಗೆ ಎದುರಾಯಿತು. ಭತ್ತದ ಕೊಯ್ಲು ಮುಗಿದಿದ್ದ ಕಾಲ. ಮುಂದೆ ಕಂಬಳಿ ಹೊದ್ದ ಗಂಡಸು, ಹಿಂದೆ ಪಾತ್ರೆಪಗಡ, ಕೋಳಿ, ಎಳೆ ಮರಿಗಳನ್ನು ಹೇರಿದ ಕುದುರೆ ಹಿಡಿದುಕೊಂಡು ಅವನ ಹೆಂಡತಿ. ಗಾಡಿ ಬದಿಗೆ ಹಾಕಿ ಇಳಿದೆವು. "ಎಲ್ಲಿಗ್ ಹೊಂಟೀರಕ್ಕಾ?" ಅಂತ ಕೇಳಿದೆ. "ಹರಿಹರದ ಕಡೀಗ್ರಿ. ಗದ್ದಿ ಖಾಲಿ ಆಗ್ಯಾವಲ್ಲ. ನೀವೆಲ್ಲಿಗ್ರಿ?" "ನಾವು ಮೊಳಕಾಲ್ಮೂರು ಕಡೀಗೆ." ಅವಳು ನಮ್ಮ ಗಾಡಿಯೊಳಗೆ ಬಗ್ಗಿ ನೋಡಿದಳು. ಗಾದಿ, ಕ್ಯಾನು, ಸ್ಟವ್ ಕಂಡು, "ನಮ್ಮಂಗೇ ಹೊಂಟೀರಲ್ಲ ಬಿಡ್ರಿ" ಅಂದಳು. ಅವರು ನಾಲೆಯ ಸೀಮೆಯಲ್ಲಿ ಕೂಳೆ ಮೇಯಿಸುತ್ತಾ ತಿಂಗಳುಗಟ್ಟಲೆ ತಿರುಗುತ್ತಾರೆ. ರಾತ್ರಿ ಯಾರ ಗದ್ದೆಯಲ್ಲಿ ಮಂದೆ ನಿಲ್ಲುತ್ತದೋ ಆ ರೈತ ಹಿಕ್ಕೆಯ ಗೊಬ್ಬರಕ್ಕೆ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಮುಂಗಾರು ಬಿದ್ದು ತಮ್ಮ ಸೀಮೆಯಲ್ಲಿ ಹುಲ್ಲು ಚಿಗುರಿದಾಗ ಹಿಂದಿರುಗುತ್ತಾರೆ. ಈ ಬಯಲಿನಲ್ಲಿ ಅಲೆಮಾರಿ ದಂಪತಿ ಎಂದರೆ ಅವರೇ. ನಾವು ಅವರ ದಾರಿಯಲ್ಲಿ ಕೆಲವು ದಿನ ಓಡಾಡಿ ಬರುವವರು.

ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ಗುಡಿಗೆ ಹೋದವರು ಅಲ್ಲಿನ ಕೆರೆಯನ್ನೂ ನೋಡಬೇಕು. ಈ ಸೀಮೆ ಆ ಸಂತನನ್ನು ನೆನೆಯುವುದು ಪವಾಡಕ್ಕಿಂತ ಹೆಚ್ಚಾಗಿ ಕೆರೆ ಕಟ್ಟಿಸಿದ್ದಕ್ಕೆ. ಅಲ್ಲಿಂದ ಸುತ್ತಲಿನ ಕಾವಲುಗಳ ಕಡೆ ಹೊರಳಿದರೆ ನನಗೆ ಈ ಇಡೀ ದಾರಿಯಲ್ಲಿ ಅತ್ಯಂತ ಮುಖ್ಯವೆನಿಸುವ ನೆಲ ಸಿಗುತ್ತದೆ.

ಅಮೃತ ಮಹಲ್ ಕಾವಲು. ಮೈಸೂರು ಅರಸರ ಕಾಲದಿಂದ ದನಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲು. ಹೈದರಾಲಿ, ಟಿಪ್ಪುವಿನ ಫಿರಂಗಿಗಳನ್ನು ಎಳೆದದ್ದು ಈ ತಳಿಯ ಎತ್ತುಗಳೇ. ಜನವರಿಯ ಬೆಳಗಿನಲ್ಲಿ ಒಣಗಿದ ಹುಲ್ಲು ಹೊನ್ನಿನ ಬಣ್ಣಕ್ಕಿರುತ್ತದೆ. ಮರವೆಂಬುದು ಅಲ್ಲೊಂದು ಇಲ್ಲೊಂದು. ತಿಳಿಯದವರು ನೋಡಿದರೆ ಏನೂ ಇಲ್ಲ. ಕಾಲು ಗಂಟೆ ಸುಮ್ಮನೆ ನಿಂತರೆ ನೆಲದಲ್ಲೇ ಗೂಡುಕಟ್ಟುವ ಹಕ್ಕಿಗಳು ಕಾಣುತ್ತವೆ, ಅದೃಷ್ಟವಿದ್ದರೆ ಕೃಷ್ಣಮೃಗ. ದೂರದಲ್ಲಿ ಮಂದೆಯ ಧೂಳು. ಸುತ್ತಲಿನ ಹತ್ತಾರು ಹಳ್ಳಿಗಳ ಕುರಿ, ಮೇಕೆ, ದನ ಬದುಕಿದ್ದು, ಕಂಬಳಿ ನೇಯ್ಗೆಗೆ ಉಣ್ಣೆ ಸಿಕ್ಕಿದ್ದು ಈ ಹುಲ್ಲಿನಿಂದ. ಚಳ್ಳಕೆರೆಯ ಕಂಬಳಿಗೆ ಹೆಸರು ಬಂದದ್ದು ಸುಮ್ಮನೆ ಅಲ್ಲ.

ಇದೇ ಕಾವಲುಗಳಿಂದ ಸುಮಾರು 10,000 ಎಕರೆಯನ್ನು ಕಳೆದ ದಶಕಗಳಲ್ಲಿ ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುಶಕ್ತಿ, ವಿಜ್ಞಾನ ಸಂಸ್ಥೆಗಳಿಗೆ ಕೊಡಲಾಯಿತು. ಡಿಆರ್‌ಡಿಒದ ವಿಮಾನ ಪರೀಕ್ಷಾ ನೆಲೆ 2017ರಲ್ಲಿ ಉದ್ಘಾಟನೆಯಾಯಿತು. 2023ರ ಏಪ್ರಿಲ್‌ನಲ್ಲಿ ಇಸ್ರೋದ ಮರುಬಳಕೆ ಉಡಾವಣಾ ವಾಹನ ಹೆಲಿಕಾಪ್ಟರಿನಿಂದ ಬಿಡಿಸಿಕೊಂಡು ತಾನೇ ಇಳಿದದ್ದು ಇಲ್ಲಿನ ರನ್‌ವೇ ಮೇಲೆ. ಅದು ದೇಶಕ್ಕೆ ದೊಡ್ಡ ಸಾಧನೆ, ನನಗೂ ಹೆಮ್ಮೆಯಿದೆ. ಆದರೆ ಮೈಲುಗಟ್ಟಲೆ ಕಾಂಪೌಂಡ್ ಗೋಡೆಯ ಪಕ್ಕ ಗಾಡಿ ಓಡಿಸುವಾಗ, ಗೋಡೆಯ ಈಚೆ ಮೇವಿಲ್ಲದೆ ಅಲೆಯುವ ಕುರಿಗಳನ್ನು ಕಂಡಾಗ, ಈ ನೆಲವನ್ನು ಆರಿಸಿದವರ ಕಣ್ಣಿಗೆ ಅದು ಖಾಲಿಯಾಗಿ ಕಂಡಿತ್ತು ಎಂಬುದು ನನ್ನನ್ನು ಬಿಡದೆ ಕಾಡುತ್ತದೆ. ಅಮೆರಿಕದಲ್ಲೂ ಹೀಗೇ ಆಗಿದೆ. ನ್ಯೂ ಮೆಕ್ಸಿಕೊದ ಬಯಲಿನಿಂದ ದನ ಸಾಕುವವರನ್ನು ಎಬ್ಬಿಸಿ, 1945ರ ಜುಲೈ 16ರಂದು ಜಗತ್ತಿನ ಮೊದಲ ಅಣುಬಾಂಬನ್ನು ಅಲ್ಲಿ ಸಿಡಿಸಿದರು. ಬಯಲನ್ನು ನೋಡಲು ಕಲಿಯುವುದು ಬರೀ ಹವ್ಯಾಸವಲ್ಲ ಎಂದು ನಾನು ನಂಬುವುದು ಇದಕ್ಕೇ. ಹುಲ್ಲಿನ ಬೆಲೆ ಗೊತ್ತಿರುವ ಜನ ಹೆಚ್ಚಾದರೆ ಮುಂದಿನ ಕಾವಲನ್ನು ಅಷ್ಟು ಸಲೀಸಾಗಿ ಬರೆದುಕೊಡಲಾಗುವುದಿಲ್ಲ.

ತಳಕಿನಲ್ಲಿ ಬಳ್ಳಾರಿ ಹೆದ್ದಾರಿ ಸಿಗುತ್ತದೆ. ಟಿ.ಎಸ್. ವೆಂಕಣ್ಣಯ್ಯ, ತ.ರಾ.ಸು. ಅವರ ಮನೆತನದ ಊರು. ಅಲ್ಲಿಂದ ಮೊಳಕಾಲ್ಮೂರು ತಾಲ್ಲೂಕಿನ ಬಂಡೆಗುಡ್ಡಗಳು ಶುರು. ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ, ಹತ್ತಿರ ಹತ್ತಿರದ ಈ ಮೂರು ಕಡೆ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ.ಎಲ್. ರೈಸ್ ಅವನ್ನು ಪತ್ತೆಹಚ್ಚಿದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಚಪಡ ಎಂಬ ಲಿಪಿಕಾರ ತನ್ನ ಕಸುಬಿನ ಹೆಸರನ್ನು ಮಾತ್ರ ವಾಯವ್ಯ ಗಡಿನಾಡಿನ ಖರೋಷ್ಠಿಯಲ್ಲಿ ಬರೆದಿದ್ದಾನೆ. ಎಲ್ಲಿಂದಲೋ ಬಂದ ಒಬ್ಬ ನೌಕರ ಈ ಬಿಸಿಲಿನಲ್ಲಿ ಬಂಡೆಯ ಮುಂದೆ ಕೂತು ತನ್ನ ಗುರುತು ಬಿಟ್ಟುಹೋದದ್ದು ನನಗೆ ಚಕ್ರವರ್ತಿಯ ಆಜ್ಞೆಗಿಂತ ಹತ್ತಿರದ್ದಾಗಿ ತೋರುತ್ತದೆ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯ ಬುಡದಲ್ಲಿ ಅಗೆದಾಗ ಶಿಲಾಯುಗದ ಕೊಡಲಿಗಳಿಂದ ಹಿಡಿದು ಬೃಹತ್ ಶಿಲಾಗೋರಿಗಳವರೆಗೆ ಪದರ ಪದರವಾಗಿ ಸಿಕ್ಕವು. ಇಲ್ಲಿಗೆ ಬಿಸಿಲೇರುವ ಮೊದಲೇ ಹೋಗಿ, ಬಂಡೆ ಕಾದ ಮೇಲೆ ಹತ್ತುವುದು ಕಷ್ಟ.

ಮೊಳಕಾಲ್ಮೂರಿನಿಂದ ರಾಯದುರ್ಗ ಒಂದು ಹೆಜ್ಜೆ. 1953ರವರೆಗೆ ಅದು ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಆಂಧ್ರ ರಾಜ್ಯವಾದಾಗ ಆದೋನಿ, ಆಲೂರುಗಳ ಜೊತೆ ಆಚೆಗೆ ಹೋಯಿತು. ಸಂತೆಯಲ್ಲಿ ಇಂದಿಗೂ ಕನ್ನಡ ನಡೆಯುತ್ತದೆ. ಚಹಾದಂಗಡಿಯಲ್ಲಿ ಒಂದೇ ವಾಕ್ಯದಲ್ಲಿ ಕನ್ನಡ, ತೆಲುಗು ಎರಡೂ ಕೇಳುತ್ತವೆ.

ಮುಂದೆ ಕಣೇಕಲ್ಲು, ಬೊಮ್ಮನಹಾಳ್, ದರ್ಗಾ ಹೊನ್ನೂರು. ಇಲ್ಲಿ ಮರಳಿದೆ, ನಿಜವಾದ ಮರಳು ದಿಬ್ಬಗಳು, ಸಿನಿಮಾದವರು ಮರುಭೂಮಿ ತೋರಿಸಲು ಬಂದುಹೋದಷ್ಟು ನಿಜ. ಈ ಮರಳು ವೇದಾವತಿಯದು; ಇಲ್ಲಿನವರ ಬಾಯಲ್ಲಿ ಹಗರಿ. ನಮ್ಮ ಹಿರಿಯೂರಿನ ಬಳಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ, ಆಮೇಲೆ ಆಂಧ್ರದ ಭೈರವಾನಿತಿಪ್ಪ ಜಲಾಶಯ ಅದರ ನೀರನ್ನು ಹಿಡಿದವು. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲೇ. ಒಣಗಿದ ಹೊಳೆಯ ಪಾತ್ರದ ಮೇಲೆ ಆಷಾಢದ ಗಾಳಿ ಬೀಸಿ, ಮರಳನ್ನು ಎತ್ತಿ ಹೊಲಗಳ ಮೇಲೆ ಸುರಿಯುತ್ತದೆ. ತಡೆಯಬೇಕಾಗಿದ್ದ ಮರಗಳು ಎಂದೋ ಹೋಗಿವೆ. ರೈತರು ದಿಬ್ಬ ಸಮಮಾಡಿ, ಕೊಳವೆಬಾವಿ ಕೊರೆಸಿ, ಮತ್ತೆ ಬಿತ್ತುತ್ತಾರೆ. ಮರುವರ್ಷ ಗಾಳಿ ಮತ್ತೆ ಬರುತ್ತದೆ. ಫೋಟೊಕ್ಕೆ ಚೆಂದದ ಜಾಗ. ಆದರೆ ಪ್ರತಿಯೊಂದು ದಿಬ್ಬದ ಅಡಿ ಒಬ್ಬರ ಹೊಲವಿರಬಹುದು ಎಂಬುದನ್ನು ತಿಳಿದು ನಿಂತುಕೊಳ್ಳಿ.

ಬಳ್ಳಾರಿಯಲ್ಲಿ ಬಿಸಿಯೂಟ ಮಾಡಿ, ಹೊಸಪೇಟೆ ದಾರಿಯಲ್ಲಿ ಕುಡತಿನಿಯ ಬೂದಿಗುಡ್ಡ ನೋಡಿಕೊಂಡು ತಿರುಗಬಹುದು. ನಾಲ್ಕು ಸಾವಿರ ವರ್ಷಗಳ ಹಿಂದಿನ ದನಗಾಹಿಗಳು ಕೂಡಿಹಾಕಿ ಸುಟ್ಟ ಸಗಣಿಯ ರಾಶಿ ಅದು. ದಾವಣಗೆರೆಯ ವಿನೋಬನಗರಕ್ಕೆ ಹಿಂತಿರುಗುವಾಗ ನಮ್ಮ ಬಡಾವಣೆಗೆ ಯಾರ ಹೆಸರಿದೆ ಎಂದು ನೆನೆಯುತ್ತೇನೆ: 1951ರಲ್ಲಿ ಪೋಚಂಪಳ್ಳಿಯಿಂದ ಭೂದಾನ ಕೇಳಲು ಹೊರಟು ಹದಿಮೂರು ವರ್ಷ ದೇಶ ಸುತ್ತಿದ ಮನುಷ್ಯ, ಅದೂ ಕಾಲ್ನಡಿಗೆಯಲ್ಲಿ.

ಹೋಗುವುದಾದರೆ ಡಿಸೆಂಬರ್‌ನಿಂದ ಫೆಬ್ರವರಿ ಸುಖ. ಮರಳು ಹಾರುವುದನ್ನೇ ನೋಡಬೇಕಿದ್ದರೆ ಆಷಾಢ. ಕುಡಿಯುವ ನೀರು ನಿಮ್ಮದೇ ಇರಲಿ, ಬೇಸಿಗೆಯಲ್ಲಿ ಹಳ್ಳಿಯ ಟ್ಯಾಂಕರ್ ನೀರಿಗೆ ಕೈಚಾಚಬೇಡಿ. ಮಂದೆ ಎದುರಾದರೆ ಇಂಜಿನ್ ಆಫ್ ಮಾಡಿ ನಿಲ್ಲಿ, ಹಾರ್ನ್ ಬೇಡ. ಬೆಂಕಿ ಹಾಕಬೇಡಿ, ಒಣಹುಲ್ಲಿಗೆ ಒಂದು ಕಿಡಿ ಸಾಕು. ಮುಖ್ಯವಾಗಿ, ಕಾವಲಿನ ಹುಲ್ಲಿನ ಮೇಲೆ ಗಾಡಿ ಹತ್ತಿಸಬೇಡಿ. ಅಲ್ಲಿ ಹಕ್ಕಿಗಳು ಮೊಟ್ಟೆಯಿಡುವುದು ನೆಲದ ಮೇಲೆ.