ಸಾಧುಪ್ರಾಣಿಗೊಂದು ಶೋನಾ ಹೆಸರು

ಮಾಯಾಲೋಕದ ಕತೆಗಳಲ್ಲಿ, ಆಟಗಳಲ್ಲಿ ಒಂದು ಸಾಧುಪ್ರಾಣಿ ಬರುತ್ತದೆ. ಅದು ಮುಟ್ಟಿದರೆ ಒಣಗಿದ ಗಿಡ ಚಿಗುರುತ್ತದೆ, ಬತ್ತಿದ ತೊರೆ ಹರಿಯುತ್ತದೆ. ಅದಕ್ಕೊಂದು ಆಫ್ರಿಕದ ಹೆಸರು ಬೇಕು. ಜಿಂಬಾಬ್ವೆಯ ಶೋನಾ ಭಾಷೆಯಿಂದ 'ರುಡೊ' ಅಂತಲೋ 'ತ್ಸಿತ್ಸಿ' ಅಂತಲೋ ಆರಿಸಿಕೊಂಡರಾಯಿತು. ಒಂದಕ್ಕೆ ಪ್ರೀತಿ, ಇನ್ನೊಂದಕ್ಕೆ ಕರುಣೆ ಅಂತ ಅರ್ಥ. ಕೇಳೋದಕ್ಕೆ ಇಂಪು. ಆದರೆ ಆ ಕಾಡಿನಲ್ಲಿ ಶೋನಾ ಮಾತಾಡುವ ಒಬ್ಬ ಮನುಷ್ಯನೂ ಇರೋದಿಲ್ಲ. ನಮ್ಮ ತಕರಾರು ಇರೋದು ಇಲ್ಲಿ.

ಶೋನಾ ಜನರಲ್ಲಿ ಮಗುವಿನ ಹೆಸರು ಎಷ್ಟೋ ಸಲ ಒಂದು ಮಾತು. ಮನೆಯವರಿಗೆ, ನೆರೆಯವರಿಗೆ ತಲುಪಬೇಕಾದ ಮಾತು. 'ತೆಂದಾಯ್' ಅಂದರೆ ಕೃತಜ್ಞರಾಗಿರಿ. 'ನ್ಹಾಮೊ' ಅಂದರೆ ಕಷ್ಟ. ತ್ಸಿತ್ಸಿ ದಂಗಾರೆಂಬ್ಗಾ 1988ರಲ್ಲಿ ಪ್ರಕಟಿಸಿದ 'ನರ್ವಸ್ ಕಂಡಿಷನ್ಸ್' ಕಾದಂಬರಿಯ ಹುಡುಗಿ ತಂಬುಡ್ಜಾಯ್. ಅವಳ ಹೆಸರಲ್ಲೇ ತೊಂದರೆ ಅನ್ನೋ ಅರ್ಥವಿದೆ. ಅವಳ ಅಣ್ಣ ನ್ಹಾಮೊ. ಆ ಅಣ್ಣ ಸತ್ತ ಮೇಲೆ ತಾನೇ ಮಿಷನ್ ಶಾಲೆಯ ಬಾಗಿಲು ಅವಳಿಗೆ ತೆರೆದದ್ದು! ಕರುಣೆಯನ್ನು ಆರಿಸಿಕೊಂಡವರು ಈ ಕಷ್ಟವನ್ನು ಅಲ್ಲೇ ಬಿಟ್ಟು ಬಂದಿದ್ದಾರೆ.

ಹಾಗೆ ನೋಡಿದರೆ ನೀರನ್ನು ಆಳುವ ಜೀವವೊಂದು ಶೋನಾ ಜನರ ಕತೆಗಳಲ್ಲೇ ಇದೆ. ಅದರ ಹೆಸರು ನ್ಜುಜು. ಮಡುವಿನಲ್ಲಿ, ಬುಗ್ಗೆಯಲ್ಲಿ ಅದರ ವಾಸ. ಅರ್ಧ ಮನುಷ್ಯ, ಅರ್ಧ ಮೀನು ಅಂತ ಹೇಳ್ತಾರೆ. ಅದಿರುವ ನೀರಿಗೆ ಮಸಿ ಹಿಡಿದ ಪಾತ್ರೆ ಅದ್ದಬಾರದು, ಸೋಪು ಹಾಕಬಾರದು. ತಪ್ಪಿದರೆ ನೀರು ಬತ್ತುತ್ತದೆ ಅನ್ನೋದು ನಂಬಿಕೆ. ಇದು ಹೂವರಳಿಸುವ ಮಾಯೆಯಲ್ಲ. ಊರೆಲ್ಲ ಕುಡಿಯುವ ನೀರಿನ ಕಾನೂನು.

ನ್ಜುಜು ಮನುಷ್ಯರನ್ನು ನೀರೊಳಗೆ ಎಳೆದುಕೊಂಡು ಹೋಗುತ್ತದಂತೆ. ಮನೆಯವರು ಅಳದಿದ್ದರೆ ಹೋದವರು ಬೇರುಸೊಪ್ಪಿನ ವಿದ್ಯೆ ಕಲಿತು ವೈದ್ಯರಾಗಿ ವಾಪಸ್ ಬರುತ್ತಾರೆ. ಅತ್ತರೆ ಬರೋದೇ ಇಲ್ಲ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ನೀರು ತರಲು ಹೋದ ಮಗಳು ಮನೆಗೆ ಬರಲಿಲ್ಲ. ತಾಯಿ ಅಳುವ ಹಾಗಿಲ್ಲ. ಮುಳುಗಿ ಸತ್ತ ಮಕ್ಕಳನ್ನು ಕಂಡವರೇ ಈ ಕತೆ ಕಟ್ಟಿರಬೇಕು ಅಂತ ನಮಗನ್ನಿಸುತ್ತದೆ. ಒಂದಿಷ್ಟು ಆಸೆ ಉಳಿಯಲಿ ಅಂತ ಆ ತಾಯಿ ಕಣ್ಣೀರು ನುಂಗಬೇಕು. ಇದನ್ನು ಸಾಧು ಅನ್ನೋಣವೇ, ಕ್ರೂರ ಅನ್ನೋಣವೇ? ಎರಡೂ ಸಾಲದು. ಸಾಧುಪ್ರಾಣಿಯನ್ನು ಬರೆಯುವವರು ಈ ತಾಯಿಯನ್ನೇ ಕತೆಯಿಂದ ಹೊರಗೆ ಕಳಿಸಿದ್ದಾರೆ.

ಹೊರಗೆ ಕಳಿಸೋದು ಅಲ್ಲಿಯ ಜನಕ್ಕೆ ಹೊಸದಲ್ಲ. ಆಗಿನ ದಕ್ಷಿಣ ರೊಡೇಷಿಯಾದಲ್ಲಿ 1930ರ ಭೂಹಂಚಿಕೆ ಕಾಯಿದೆ ಸುಮಾರು ಅರ್ಧದಷ್ಟು ನೆಲವನ್ನು ಅಲ್ಪಸಂಖ್ಯಾತ ಬಿಳಿಯರಿಗೆ ಮೀಸಲಿಟ್ಟಿತು. ಬಿಳಿಯರ ಮನೆಗಳಲ್ಲಿ ಎಷ್ಟೋ ಆಳುಗಳಿಗೆ ಅವರ ಹೆಸರೂ ಉಳಿಯಲಿಲ್ಲ. 'ಸಿಕ್ಸ್‌ಪೆನ್ಸ್' ಅಂತ ಕೂಗಿದರು. ಆರು ಪೆನ್ನಿಯ ನಾಣ್ಯದ ಹೆಸರು. ಅಂದು ನೆಲ ಬೇಕಿತ್ತು, ಹೆಸರು ಬೇಡವಾಗಿತ್ತು. ಇಂದು ಹೆಸರು ಬೇಕು, ಜನ ಬೇಡ.

2012ರಲ್ಲಿ ಜಿಂಬಾಬ್ವೆಯ ಜಲಸಂಪನ್ಮೂಲ ಮಂತ್ರಿ ಸ್ಯಾಮ್ಯುಯೆಲ್ ಸಿಪೆಪಾ ಎನ್ಕೊಮೊ ಸಂಸದೀಯ ಸಮಿತಿಯೊಂದರ ಮುಂದೆ, ಗೋಕ್ವೆ ಮತ್ತು ಮುತಾರೆ ಕಡೆಯ ಅಣೆಕಟ್ಟೆಗಳಲ್ಲಿ ಮತ್ಸ್ಯಕನ್ಯೆಯರ ಭಯಕ್ಕೆ ಕೆಲಸಗಾರರು ಹೋಗಲು ಒಪ್ಪುತ್ತಿಲ್ಲ ಅಂದರು. ಹೊರದೇಶದ ಪತ್ರಿಕೆಗಳಿಗೆ ಅದು ತಮಾಷೆಯ ಸುದ್ದಿಯಾಯಿತು. ನ್ಜುಜುವನ್ನು ನಂಬಿ ಅಂತ ನಾವೂ ಹೇಳೋದಿಲ್ಲ. ಪಂಪು ಕೂರಿಸೋದು ಇಂಜಿನಿಯರ ಕೆಲಸ, ಪೂಜಾರಿಯದಲ್ಲ. ಆದರೆ ಕೋಪನ್‌ಹೇಗನ್ ಬಂದರಿನಲ್ಲಿ 1913ರಿಂದ ಒಬ್ಬ ಮತ್ಸ್ಯಕನ್ಯೆಯ ಪ್ರತಿಮೆ ಕೂತಿದೆ. ಅವರದು ಸಾಹಿತ್ಯ, ಇವರದು ಮೂಢನಂಬಿಕೆ! ಈ ತಕ್ಕಡಿ ಯಾರದು?

ಕಲ್ಪನೆಯೇ ಬೇಡ ಅನ್ನೋ ಒಣ ವಿಚಾರವಾದ ನಮ್ಮದಲ್ಲ. ಹೆಸರು ತಗೊಳ್ಳಿ, ಅದನ್ನಿಟ್ಟ ಜನರನ್ನೂ ಕತೆಯೊಳಗೆ ಕರೀರಿ. ನಿಮ್ಮ ಪ್ರಾಣಿಗೆ ನ್ಹಾಮೊ ಅಂತ ಹೆಸರಿಟ್ಟು ನೋಡಿ. ಅದು ಮೊದಲು ಮುಟ್ಟಬೇಕಾದದ್ದು ಯಾರ ಹೊಲದ ಗಿಡ ಅನ್ನೋ ಪ್ರಶ್ನೆ ತಾನಾಗಿ ಎದುರಿಗೆ ಬರುತ್ತೆ.