ಮನೆಯ ಹಿಂಸೆಯೂ ಮಗುವಿನ ಸಾಕ್ಷಿಯೂ

ಕರುಣರಸವನ್ನು ವಿಚಾರಿಸುವಾಗ ಲಾಕ್ಷಣಿಕರು ದುಃಖಕ್ಕೆ ಗುರಿಯಾದ ಪಾತ್ರವನ್ನೂ ಅದನ್ನು ಕಂಡು ಕರಗುವ ಸಹೃದಯನನ್ನೂ ಕುರಿತು ವಿಸ್ತಾರವಾಗಿ ಹೇಳಿರುವರು. ಇವರಿಬ್ಬರ ನಡುವೆ ಇನ್ನೊಂದು ಜೀವವಿರುವುದುಂಟು. ಮನೆಯೊಳಗೆ ಹೆಂಗಸಿನ ಮೇಲೆ ಕೈಯೇಳುತ್ತಿರುವಾಗ ಕಂಬದ ಮರೆಯಲ್ಲಿ ನಿಂತು ನೋಡುವ ಮಗುವೇ ಅದು. ಏಟು ಅದರ ಮೈಮೇಲೆ ಬೀಳದಿರುವುದರಿಂದ ಅದಕ್ಕೇನೂ ಆಗಲಿಲ್ಲವೆಂದು ಹಿರಿಯರು ಸಮಾಧಾನಪಡುವರು. ಆದರೆ ಸಹೃದಯನಂತೆ ಪುಸ್ತಕವನ್ನು ಮುಚ್ಚಿ ಏಳುವ ಅನುಕೂಲ ಮಗುವಿಗಿಲ್ಲ. ಹೊಡೆದವನೊಡನೆಯೇ ಉಣ್ಣಬೇಕು, ಅದೇ ಸೂರಿನಡಿಯಲ್ಲಿ ಮಲಗಬೇಕು. ಇಂಥ ಮಗು ಹೇಗೆ ಬದುಕಿಕೊಳ್ಳುವುದೆಂಬ ಪ್ರಶ್ನೆಗೆ ಮಲೆನಾಡಿನ ಎರಡು ಕೃತಿಗಳು ಕೊಡುವ ಉತ್ತರವು ಪರಿಶೀಲನೆಗೆ ಯೋಗ್ಯವಾದುದು.

ಪುರಾಣವು ಈ ಪ್ರಶ್ನೆಯನ್ನು ಧ್ರುವನ ಕಥೆಯಲ್ಲಿ ಎತ್ತಿತ್ತು. ತಂದೆಯ ತೊಡೆಯನ್ನೇರಹೋದ ಬಾಲಕನನ್ನು ಮಲತಾಯಿ ಸುರುಚಿಯು ಮೂದಲಿಸಿದಳು, ತಂದೆಯು ಸುಮ್ಮನಿದ್ದನು, ಹೆತ್ತ ತಾಯಿ ಸುನೀತಿಯು ಕಣ್ಣೀರಿಟ್ಟಳು. ಬಾಲಕನು ಕಾಡಿಗೆ ಹೋಗಿ ದೇವರನ್ನು ಕಂಡು ಚ್ಯುತಿಯಿಲ್ಲದ ಪದವಿಯನ್ನು ಪಡೆದನು. ಪುರಾಣದ ಮಗುವಿಗೆ ದೇವರು ದೊರೆತನು. ಕಾದಂಬರಿಯ ಮಗುವಿಗಾದರೋ ಮನುಷ್ಯರಲ್ಲಿಯೇ ಒಬ್ಬರು ದೊರೆಯಬೇಕು.

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯು 1936ರಲ್ಲಿ ಪ್ರಕಟವಾಯಿತು. ಅದರಲ್ಲಿ ಚಂದ್ರಯ್ಯಗೌಡನು ಸಂಶಯಕ್ಕೆ ವಶನಾಗಿ ಮೂರನೆಯ ಹೆಂಡತಿಯಾದ ಸುಬ್ಬಮ್ಮನನ್ನು ಹೊಡೆಯುವನು. ಆ ಮನೆಯಲ್ಲಿಯೇ ಹಿಂದಿನ ಸಂಬಂಧದ ಮಕ್ಕಳಾದ ಪುಟ್ಟಮ್ಮನೂ ವಾಸುವೂ ಬೆಳೆಯುತ್ತಿರುವರು. ಈ ಸೀಮೆಯ ಮನೆಗಳ ಸ್ಥಿತಿಯನ್ನು ಬಲ್ಲವರಿಗೆ ಇದರ ಭಯಂಕರತೆಯನ್ನು ವಿವರಿಸಬೇಕಾಗಿಲ್ಲ. ಗುಡ್ಡದ ಮಗ್ಗುಲಲ್ಲಿ ಒಂದು ಮನೆ, ತೋಟ ಗದ್ದೆಗಳನ್ನು ದಾಟಿ ಕಾಡಿನಾಚೆಗೆ ಮತ್ತೊಂದು. ಮಳೆಗಾಲದ ರಾತ್ರಿಯಲ್ಲಿ ಅಲ್ಲಿಯ ಕೂಗು ಇಲ್ಲಿಗೆ ಕೇಳಿಸದು. ಹೆದರಿದ ಮಗು ಓಡಿಹೋಗಲು ನೆರೆಮನೆಯೆಂಬುದಿಲ್ಲ. ಆದುದರಿಂದ ಒಂಟಿಮನೆಯ ಮಗು ಆಶ್ರಯವನ್ನು ಮನೆಯೊಳಗೇ ಹುಡುಕಬೇಕಾಗುವುದು. ವಾಸುವಿಗೆ ಹೂವಯ್ಯನ ಮೇಲಿರುವ ಅಕ್ಕರೆಯನ್ನು ಈ ಬೆಳಕಿನಲ್ಲಿ ಓದಿದರೆ ಅದು ಬರಿಯ ಬಾಲಲೀಲೆಯೆನಿಸದು. ತಂದೆಯ ಕೋಪದ ಪಕ್ಕದಲ್ಲಿಯೇ ಸೌಮ್ಯನಾದ ಇನ್ನೊಬ್ಬ ಗಂಡಸು ಇರಬಲ್ಲನೆಂಬುದನ್ನು ಆ ಹುಡುಗನು ಕಾಣುತ್ತಿರುವನು. ಆದರೂ ಕಾದಂಬರಿಯ ಹರಹು ದೊಡ್ಡದು. ಸುಬ್ಬಮ್ಮನ ಪತನಕ್ಕೂ ಹೂವಯ್ಯನ ಅಂತರಂಗಕ್ಕೂ ಅಲ್ಲಿ ದೊರೆತ ಅವಕಾಶವು ಮಕ್ಕಳ ಒಳಮನಸ್ಸಿಗೆ ದೊರೆತಿಲ್ಲವೆಂದು ಹೇಳಬೇಕಾಗಿದೆ.

ಆ ಕೊರತೆಯನ್ನು ತುಂಬಿದ ಕಥೆ ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’. ಇಲ್ಲಿ ಹಿಂಸೆಯು ಕೋಲನ್ನು ಹಿಡಿದು ಬರುವುದಿಲ್ಲ. ಶಾಸ್ತ್ರವನ್ನು ಹಿಡಿದು ಬರುವುದು. ಉಡುಪರ ಮನೆಯಲ್ಲಿ ಓದುತ್ತಿರುವ ನಾಣಿಗೆ ಅವರ ಮಗಳು, ವಿಧವೆ ಯಮುನಕ್ಕನೇ ತಾಯಿಯ ಬದಲು. ಅವಳು ಬಸಿರಾದುದು ತಿಳಿಯುತ್ತಲೇ ಅಗ್ರಹಾರದ ನಾಲಗೆಗಳೆಲ್ಲ ಅವಳ ಮೇಲೆ ತಿರುಗುವುವು; ಕಡೆಗೆ ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧವನ್ನು ಮಾಡುವನು. ಕಾನೂರಿನ ಮಗುವಿಗೆ ನೆರೆಯಿರಲಿಲ್ಲ. ಅಗ್ರಹಾರದ ಮಗುವಿಗೆ ಸುತ್ತಲೂ ನೆರೆಯೇ, ಆದರೆ ನೆರೆಯವರೆಲ್ಲರೂ ನ್ಯಾಯಾಧೀಶರು.

ನಾಣಿಯು ಇದನ್ನು ಸಹಿಸಿಕೊಳ್ಳುವ ಬಗೆಯಲ್ಲಿಯೇ ಕಥೆಯ ಸತ್ಯವಿರುವುದು. ಅವನು ಪ್ರತಿಭಟಿಸಲಾರನು, ನಡೆಯುತ್ತಿರುವುದು ಏನೆಂಬುದೂ ಅವನಿಗೆ ಪೂರ್ತಿಯಾಗಿ ತಿಳಿಯದು. ಅವನು ಅವಳ ಕಾವಲಾಗುವನು. ರಾತ್ರಿಯ ಕಾಡಿನಲ್ಲಿ ಹುತ್ತದೊಳಗೆ ಕೈಯಿಟ್ಟು ಸಾವನ್ನು ಬೇಡುವ ಹೆಂಗಸಿನ ಬಳಿ ನಿಲ್ಲುವವನು ಈ ಹುಡುಗನೊಬ್ಬನೇ. ದೊಡ್ಡವರು ಹೊರಬೇಕಾದ ಭಾರವನ್ನು ಸಣ್ಣ ಹೆಗಲು ಹೊರುವುದೆಂದರೆ ಇದೇ. ಇದನ್ನು ಮಗುವಿನ ಧೈರ್ಯವೆಂದು ಹೊಗಳುವುದು ಓದುಗರು ಮಾಡಬಹುದಾದ ದೊಡ್ಡ ತಪ್ಪು. ಅದು ದಿಕ್ಕಿಲ್ಲದವನ ಉಪಾಯ.

ಲೋಕಾನುಭವವೂ ಈ ಚಿತ್ರವನ್ನು ಸಮರ್ಥಿಸುವುದು. ಮನೆಯ ಹಿಂಸೆಗೆ ಎದುರಾಗುವ ಮಕ್ಕಳು ಪ್ರಪಂಚದಲ್ಲಿ 27 ಕೋಟಿ 50 ಲಕ್ಷದವರೆಗೆ ಇರಬಹುದೆಂದು 2006ರಲ್ಲಿ ಯುನಿಸೆಫ್ ವರದಿಯೊಂದು ಅಂದಾಜುಮಾಡಿತು. ಇಂಥ ಮಕ್ಕಳಲ್ಲಿ ಕೆಲವರು ನಿದ್ದೆಯಲ್ಲಿ ಬೆಚ್ಚುವರು, ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವರು; ಕೆಲವರು ಜೊತೆಯವರನ್ನು ಹೊಡೆಯುವರು; ಮತ್ತೆ ಕೆಲವರು ಅತಿ ವಿಧೇಯರಾಗಿ ‘ಜಾಣಮಗು’ವೆಂಬ ಹೆಸರನ್ನು ಪಡೆಯುವರು. ಜಗಳವು ತನ್ನಿಂದಲೇ ಆಯಿತೆಂದು ನಂಬುವ ಮಗುವೂ ಉಂಟು. ನಂಬಬಹುದಾದ ಒಬ್ಬ ಹಿರಿಯರು ಬಳಿಯಿದ್ದು, ‘ಇದು ನಿನ್ನ ತಪ್ಪಲ್ಲ’ವೆಂದು ಹೇಳಿ, ಅದು ಕಂಡುದನ್ನು ಹೇಳಗೊಟ್ಟರೆ ಮಗು ಚೇತರಿಸಿಕೊಳ್ಳುವುದೆಂದು ಮನಶ್ಶಾಸ್ತ್ರಜ್ಞರು ಹೇಳುವರು. ವಾಸುವಿಗೆ ಅಂಥವನೊಬ್ಬನಿದ್ದನು. ನಾಣಿಗಿದ್ದವಳನ್ನು ಸಮಾಜವೇ ಕಿತ್ತುಕೊಂಡಿತು.

ಮನೆಯ ಗುಟ್ಟು ಹೊಸ್ತಿಲನ್ನು ದಾಟಬಾರದು, ಇಂಥ ವಿಷಯಗಳನ್ನು ಸಾಹಿತ್ಯಕ್ಕೆ ತರುವುದು ಔಚಿತ್ಯವಲ್ಲವೆನ್ನುವ ಸಜ್ಜನರುಂಟು. ಆ ಗುಟ್ಟನ್ನು ಕಾಯುವ ಕೆಲಸವು ಯಾರ ಪಾಲಿಗೆ ಬೀಳುವುದೆಂಬುದನ್ನು ಅವರು ಆಲೋಚಿಸಬೇಕು. ಶಾಲೆಯಲ್ಲಿ ‘ಅಮ್ಮ ಜಾರಿ ಬಿದ್ದಳು’ ಎಂದು ಹೇಳುವುದನ್ನು ಕಲಿಯುವುದು ಮಗುವೇ. 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ಹಿಂಸೆಯ ಕಾನೂನು ಹೊಡೆಸಿಕೊಂಡವಳಿಗೆ ರಕ್ಷಣೆಯನ್ನೂ ಮಕ್ಕಳ ತಾತ್ಕಾಲಿಕ ವಶವನ್ನೂ ಕೊಡಿಸಬಲ್ಲದು. ಮಗುವಿನ ಬಾಯಿಗೆ ಮಾತನ್ನು ಕೊಡುವ ಕೆಲಸವು ಕಾನೂನಿಗೆ ಮೀರಿದುದು. ಅದು ಮನೆಯವರದು, ಉಪಾಧ್ಯಾಯರದು, ಕಥೆಗಾರರದು.

ಗಿರೀಶ್ ಕಾಸರವಳ್ಳಿಯವರು 1977ರಲ್ಲಿ ‘ಘಟಶ್ರಾದ್ಧ’ವನ್ನು ಚಲಚ್ಚಿತ್ರವಾಗಿಸಿದಾಗ ಅದಕ್ಕೆ ಸ್ವರ್ಣಕಮಲವು ಬಂದಿತು, ನಾಣಿಯ ಪಾತ್ರವನ್ನು ಮಾಡಿದ ಬಾಲನಟ ಅಜಿತ್ ಕುಮಾರನಿಗೂ ರಾಷ್ಟ್ರಪ್ರಶಸ್ತಿ ದೊರೆಯಿತು. ಚಿತ್ರದ ಕೊನೆಯಲ್ಲಿ ತಂದೆಯೊಡನೆ ಊರಿಗೆ ಹೊರಟ ನಾಣಿಯು ತಲೆಬೋಳಿಸಿದ ಯಮುನಕ್ಕ ಮರದಡಿಯಲ್ಲಿ ಕುಳಿತಿರುವುದನ್ನು ನೋಡುವನು. ಮಗನನ್ನು ಆ ಜಾಗದಿಂದ ಬಿಡಿಸಿದರೆ ಸಾಕೆಂದು ತಂದೆಯು ತಿಳಿದಿರುವಂತಿದೆ. ಆದರೆ ಹುಡುಗನು ಕಂಡುದೆಲ್ಲವನ್ನೂ ತನ್ನೊಡನೆಯೇ ಹೊತ್ತು ನಡೆದಿರುವನು. ಅವನು ಮನೆ ಸೇರಿದ ಮೇಲೆ ಅವನನ್ನು ಹತ್ತಿರ ಕೂರಿಸಿಕೊಂಡು ಏನಾಯಿತೆಂದು ಕೇಳಿದವರುಂಟೆ? ಕಥೆಯು ಅಲ್ಲಿಯವರೆಗೆ ಹೋಗಿಲ್ಲ. ಕನ್ನಡದಲ್ಲಿ ಮುಂದೆ ಬರೆಯಬೇಕಾದ ಕಥೆಯು ಅಲ್ಲಿಂದ ಆರಂಭವಾಗಬೇಕಾಗಿದೆ.